ಭಾನುವಾರ ನಾಲ್ಕು ಗಂಟೆಯ ಹೂಂ

4 ಮಾರ್ಚ್ 1991

ಸೌಭಾಗ್ಯವತಿ ನಾದಿನಿಗೆ,

ನಿನ್ನ ಅತ್ತಿಗೆ ಬರೆಯುವ ಪತ್ರ. ಇಲ್ಲಿ ನಾನೂ ಅತ್ತೆಯೂ ಕ್ಷೇಮ. ನೀನು ಕ್ಷೇಮವೇ ಎಂದು ಕೇಳಬೇಕಾಗಿಲ್ಲ, ನೀನು ಕಳಿಸಿದ ಲಕೋಟೆಯ ದಪ್ಪ ನೋಡಿದರೇ ಗೊತ್ತಾಗುತ್ತದೆ. ಅಂಚೆಯವನು ಅದನ್ನು ಬಾಗಿಲ ಸಂದಿಯಲ್ಲಿ ತುರುಕಲಾಗದೆ ನನ್ನನ್ನು ಹೊರಗೆ ಕರೆದು ಕೈಗೇ ಕೊಟ್ಟ. "ಏನಮ್ಮಾ, ಆಸ್ತಿ ಗೀಸ್ತಿ ಬಂತಾ?" ಅಂದ. ಬರುತ್ತಿಲ್ಲ ಕಣಪ್ಪಾ, ಹೋಗುತ್ತಿದೆ ಅನ್ನಬೇಕೆಂದುಕೊಂಡು ಬಾಗಿಲು ಹಾಕಿಕೊಂಡೆ.

ಒಳಗೆ ಒಂಬತ್ತು ಹಾಳೆಯ ವೀಸಾ ಅರ್ಜಿ. ಅತ್ತೆಯ ಸಹಿ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಪೆನ್ಸಿಲಿನ ಗುರುತು. ಜೊತೆಗೊಂದು ಚೀಟಿ: "ಅಮ್ಮ ಇನ್ನು ಮುಂದೆ ನನ್ನ ಜೊತೆ ಇರಲು ಒಪ್ಪಿದ್ದಾಳೆ. ಮೂರು ಭಾನುವಾರ ಫೋನಿನಲ್ಲಿ ಕೇಳಿದೆ, ಮೂರು ಸಲವೂ ಹೂಂ ಅಂದಳು. ಎರಡು ಫೋಟೊ ತೆಗೆಸಿ, ಸಹಿ ಹಾಕಿಸಿ, ಮೇ ಮುಗಿಯುವುದರೊಳಗೆ ತಲುಪುವ ಹಾಗೆ ಕಳಿಸಿ. ನನಗೆ ಗೊತ್ತಿರುವ ನರ್ಸ್ ಒಬ್ಬಳು ಜೂನ್ ಕೊನೆಗೆ ರಜೆ ಮುಗಿಸಿ ಅಲ್ಲಿಂದ ಹೊರಡುತ್ತಾಳೆ, ಅಮ್ಮನನ್ನು ಕೈಹಿಡಿದು ಕರೆತರುತ್ತಾಳೆ." ಇಷ್ಟೇ. ಕ್ಷೇಮವೂ ಇಲ್ಲ, ಸಮಾಚಾರವೂ ಇಲ್ಲ. ದರ್ಜಿಗೆ ಅಳತೆ ಬರೆದುಕೊಡುವವರು ಕೂಡ ಇದಕ್ಕಿಂತ ಮರ್ಯಾದೆಯಿಂದ ಬರೆಯುತ್ತಾರೆ.

ಅಲ್ಲ ಕಣೇ, ಏಳು ವರ್ಷದಿಂದ ನೀನು ತಾಯಿಗೆ ಮಾಡಿದ್ದಾದರೂ ಏನು? ವಾರಕ್ಕೊಂದು ಫೋನ್. ಭಾನುವಾರ ಸಂಜೆ ನಾಲ್ಕಕ್ಕೆ, ಮೂರು ನಿಮಿಷ. ಅದೂ ನಮ್ಮ ಮನೆಗಲ್ಲ, ಕೆಳಗಿನ ಗಡಿಯಾರ ರಿಪೇರಿ ಅಂಗಡಿಗೆ. ಎಪ್ಪತ್ತಮೂರರ ಮುದುಕಿ ಮೂರು ಗಂಟೆಗೇ ತಲೆ ಬಾಚಿಕೊಂಡು, ಮೂವತ್ತೆಂಟು ಮೆಟ್ಟಿಲು ಇಳಿದು, ಆ ಒಂಟಿಗಣ್ಣನ ಎದುರು ಸ್ಟೂಲಿನ ಮೇಲೆ ಕೂತು ಕಾಯುತ್ತಾರೆ. ಒಂಟಿಗಣ್ಣ ಅಂದರೆ ಆ ಗಡಿಯಾರದವನೇ. ಎರಡು ಕಣ್ಣೂ ನೆಟ್ಟಗಿವೆ, ಆದರೆ ಒಂದಕ್ಕೆ ಸದಾ ಕರಿಯ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಾನೆ, ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲವೇನೋ. ನಾಲ್ಕು ಜನರ ಮನೆ ಮಾತು ಕಿವಿಗೆ ಹಾಕಿಕೊಳ್ಳಲೆಂದೇ ಫೋನ್ ಇಟ್ಟುಕೊಂಡ ಆಸಾಮಿ. ನಾನು ಅತ್ತೆಯನ್ನು ಸ್ಟೂಲಿಗೆ ಮುಟ್ಟಿಸಿ ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಏಳು ವರ್ಷದಲ್ಲಿ ಒಂದು ಸಲವಾದರೂ "ಅತ್ತಿಗೆಗೆ ಕೊಡಮ್ಮಾ" ಅಂದಿದ್ದರೆ ಒಳಗೇ ಕೂರುತ್ತಿದ್ದೆ.

ಮೂರು ನಿಮಿಷ ಪ್ರೀತಿ ಮಾಡುವುದು ಯಾರಿಗೆ ಕಷ್ಟ? ಮಿಕ್ಕ ಆರು ದಿನ, ಇಪ್ಪತ್ತಮೂರು ಗಂಟೆ, ಐವತ್ತೇಳು ನಿಮಿಷ ಮಾಡುವವರನ್ನು ಕೇಳು.

ಹೂಂ ಅಂದರಂತೆ! ಅವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಇನ್ನೊಂದು ಸಲ ಯೋಚನೆ ಮಾಡು.

ನಿನ್ನ ಅತ್ತಿಗೆ


17 ಮಾರ್ಚ್ 1991

ಅತ್ತಿಗೆಯವರಿಗೆ,

ನಿಮ್ಮ ಪತ್ರ ತಲುಪಿತು. ಅದರೊಳಗಿನ ಚುಚ್ಚುಮಾತುಗಳು ಒಂದೂ ದಾರಿಯಲ್ಲಿ ಬಿದ್ದುಹೋಗದೆ ತಲುಪಿವೆ, ಅಂಚೆ ಇಲಾಖೆಯನ್ನು ಮೆಚ್ಚಬೇಕು.

ನೀವು ನನ್ನ ಅಣ್ಣನ ಹೆಂಡತಿಯಾಗಿ ಆ ಮನೆಗೆ ಬಂದವರು. ಅಣ್ಣ ತೀರಿಕೊಂಡು ಐದು ವರ್ಷವಾಯಿತು. ಆಮೇಲೂ ಅಮ್ಮನನ್ನು ನೋಡಿಕೊಂಡಿರಿ, ಇಲ್ಲ ಅನ್ನುವುದಿಲ್ಲ. ಆದರೆ ಅವಳು ನನ್ನ ಹೆತ್ತ ತಾಯಿ. ಮಗಳು ಕರೆದಾಗ ತಾಯಿ ಹೊರಡುವುದಕ್ಕೆ ಮಧ್ಯದಲ್ಲಿ ನಿಮ್ಮ ಅಪ್ಪಣೆ ಎಲ್ಲಿಂದ ಬಂತು?

ಇಲ್ಲಿ ಮೂವತ್ತೆಂಟು ಮೆಟ್ಟಿಲಿಲ್ಲ, ಲಿಫ್ಟ್ ಇದೆ. ನಮ್ಮ ಮನೆಯವರು ಅಮ್ಮನಿಗೆಂದೇ ಬೆಳಗಿನ ಬಿಸಿಲು ಬೀಳುವ ಕೋಣೆ ಖಾಲಿ ಮಾಡಿಸಿದ್ದಾರೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ವಯಸ್ಸಾದವರನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರು ನಿಮಿಷವೆಂದು ಆಡಿಕೊಂಡಿದ್ದೀರಿ. ಆ ಮೂರು ನಿಮಿಷದಲ್ಲಿ ನಾನೂ ಅಮ್ಮನೂ ಏನು ಮಾತಾಡುತ್ತೇವೆಂದು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅವಳು ಎಲ್ಲದಕ್ಕೂ ಹೂಂ ಅನ್ನುವುದಿಲ್ಲ. ನನ್ನ ದನಿ ಚೂರು ಬಾಡಿದರೆ ಸಾಕು, "ಅಳಬೇಡ ಕಣೇ, ಎಲ್ಲಾ ಸರಿಹೋಗುತ್ತೆ" ಅನ್ನುತ್ತಾಳೆ. ಅಷ್ಟು ದೂರ ಕೂತು ಮಗಳ ಮುಖ ಕಾಣುವವಳು ಅವಳು. ಬೆಳಗಿಂದ ಸಂಜೆವರೆಗೆ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿದು ಹೊಲಿದು ನಿಮಗೆ ಎಲ್ಲರ ಕುತ್ತಿಗೆಯೂ ಒಂದೇ ಅಳತೆಯಾಗಿ ಕಾಣುತ್ತದೆ, ನಿಮ್ಮ ತಪ್ಪಲ್ಲ.

ಫೋಟೊಗೆ ಬಿಳಿಯ ಹಿನ್ನೆಲೆ ಇರಬೇಕು. ಕಿವಿ ಎರಡೂ ಕಾಣಬೇಕು. ಮರೆಯಬೇಡಿ.

ನಿಮ್ಮ ನಾದಿನಿ


30 ಮಾರ್ಚ್ 1991

ಸೌಭಾಗ್ಯವತಿ ನಾದಿನಿಗೆ,

ಫೋಟೊ ಇನ್ನೂ ಆಗಿಲ್ಲ. ಸ್ಟುಡಿಯೊದವನು ಯಾವುದೋ ಮದುವೆಗೆ ಹೋಗಿದ್ದಾನೆ. ಹದಿನೈದು ದಿನ ನಡೆಯುವ ಮದುವೆ ಯಾವುದೋ, ನನಗೆ ಗೊತ್ತಿಲ್ಲ. ಅರ್ಜಿಯ ನಾಲ್ಕನೆಯ ಹಾಳೆಯ ಮೇಲೆ ಮೆಷಿನ್ನಿನ ಎಣ್ಣೆ ಚೆಲ್ಲಿತು, ಹೊಸದು ಕಳಿಸು. ಆರನೆಯದೂ ಸ್ವಲ್ಪ ಸುಕ್ಕಾಗಿದೆ.

ಬಿಸಿಲು ಬೀಳುವ ಕೋಣೆಯಂತೆ, ಲಿಫ್ಟಂತೆ. ದೂರದ ಬೆಟ್ಟ ನುಣ್ಣಗೆ. ಬಿಸಿಲು ನಮ್ಮ ಮನೆಗೂ ಬೀಳುತ್ತದಮ್ಮಾ, ಅದಕ್ಕೆ ಯಾರೂ ಕೋಣೆ ಖಾಲಿ ಮಾಡಿಸಬೇಕಾಗಿಲ್ಲ. ಅತ್ತೆ ಆ ಬಿಸಿಲಲ್ಲಿ ನನ್ನ ಮೆಷಿನ್ನಿನ ಪಕ್ಕ ಕೂತು, ನಾನು ಕಾರ್ಖಾನೆಯಿಂದ ತಂದ ಬಟ್ಟೆ ಚೂರುಗಳಿಗೆ ಕೈಯಲ್ಲೇ ಗುಂಡಿಯ ಕಾಜ ಮಾಡುತ್ತಾರೆ. ನಾನು ಮನೆಯಲ್ಲಿ ಹೊಲಿಯುವಾಗ ಒಂದು ಅಂಗೈಯನ್ನು ಮೆಷಿನ್ನಿನ ಹಲಗೆಯ ಮೇಲೆ ಇಟ್ಟುಕೊಂಡಿರುತ್ತಾರೆ. ಸೂಜಿ ಮೊಂಡಾದರೆ ನನಗಿಂತ ಮೊದಲು ಅವರಿಗೆ ತಿಳಿಯುತ್ತದೆ. "ಸೂಜಿ ಬದಲಾಯ್ಸೇ, ಅದುರ್ತಾ ಇದೆ" ಅನ್ನುತ್ತಾರೆ. ನಿನ್ನ ಲಿಫ್ಟಿನಲ್ಲಿ ಅವರು ಯಾವ ಹಲಗೆಯ ಮೇಲೆ ಕೈಯಿಡಬೇಕು?

ಇನ್ನು ನಿಮ್ಮ ಮನೆಯವರ ವಿಷಯ. ಅತ್ತೆಯ ಮೇಲೆ ಅವರಿಗೆ ಅಷ್ಟೊಂದು ಪ್ರೀತಿಯಿದ್ದರೆ ಇಷ್ಟು ವರ್ಷದಲ್ಲಿ ಫೋನಿಗೆ ಬಂದು "ಹೇಗಿದೀರಿ ಅತ್ತೆ" ಅನ್ನಲು ಬಾಯಿಗೇನಾಗಿತ್ತು? ಅಲ್ಲಿ ಅವರು ಇದ್ದಾರೋ ಇಲ್ಲವೋ ಎಂದೇ ನನಗೆ ಅನುಮಾನ. ಗಂಡನನ್ನು ಗೋಡೆಗೆ ತೂಗುಹಾಕಿದ್ದೀಯೇನೋ, ಕ್ಯಾಲೆಂಡರಿನ ಹಾಗೆ.

ನಿನ್ನ ಅತ್ತಿಗೆ


12 ಏಪ್ರಿಲ್ 1991

ಅತ್ತಿಗೆ,

ಇನ್ನು ಸಾಕು ಮಾಡಿ.

ಎರಡೂ ಪತ್ರದ ಮೊದಲ ಪದ "ಸೌಭಾಗ್ಯವತಿ". ಅದು ಸಾಲದೆಂದು ಗಂಡ ಇದ್ದಾನೋ ಇಲ್ಲವೋ ಎಂಬ ಕುಹಕ. ಅಮ್ಮ ನಿಮ್ಮ ಹತ್ತಿರ ಎಲ್ಲ ಹೇಳಿದ್ದಾಳೆಂದು ಈಗ ಗೊತ್ತಾಯಿತು. ಯಾರಿಗೂ ಹೇಳಬೇಡಮ್ಮಾ, ಅತ್ತಿಗೆಗಂತೂ ಹೇಳಲೇಬೇಡ ಎಂದು ಫೋನಿನಲ್ಲಿ ಅಂಗಲಾಚಿ ಕೇಳಿಕೊಂಡಿದ್ದೆ. ಹೂಂ ಅಂದಿದ್ದಳು. ಕೊಟ್ಟ ಮಾತು ತಪ್ಪುವವಳಲ್ಲ ಅವಳು. ಆ ಮುದುಕಿಯ ಬಾಯಿ ಬಿಡಿಸಲು ನೀವು ಏನೇನು ಆಟ ಕಟ್ಟಿದಿರೋ, ಎಷ್ಟು ದಿನ ಕಾಡಿದಿರೋ, ದೇವರೇ ಬಲ್ಲ.

ಸರಿ, ಗೊತ್ತಾಯಿತಲ್ಲ? ಹೊಟ್ಟೆ ತಣ್ಣಗಾಯಿತಲ್ಲ? ನಾದಿನಿಯ ಬಾಳು ಹೀಗಾಯಿತೆಂದು ಮೆಟ್ಟಿಲ ಮೇಲೆ ಕೂತು ನಗಿ. ಆದರೆ ನಿಮ್ಮ ಅನುಕಂಪ ನನಗೆ ಬೇಡ. ಅಮ್ಮ ನನ್ನ ಕಷ್ಟ ಒಂದೊಂದನ್ನೂ ಕೇಳಿ, ಒಂದೊಂದಕ್ಕೂ ಸಮಾಧಾನ ಹೇಳಿ, ಅದೆಲ್ಲ ಗೊತ್ತಿದ್ದೂ ಬರುತ್ತೇನೆಂದು ಒಪ್ಪಿದವಳು. ಅದಕ್ಕೇ ಅವಳು ಬರಬೇಕು.

ನಿಮಗೆ ಅವಳು ಯಾಕೆ ಬೇಕೆಂದು ನನಗೆ ಗೊತ್ತು. ಕೂತಲ್ಲೇ ಕಾಜ ಮಾಡಿಕೊಡುವ, ಸೂಜಿ ಮೊಂಡಾಯಿತೆಂದು ಹೇಳುವ ಬಿಟ್ಟಿ ಆಳು ಇನ್ನೆಲ್ಲಿ ಸಿಗುತ್ತದೆ? ಹೊಸ ಹಾಳೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಈ ಸಲ ಎಣ್ಣೆ ಚೆಲ್ಲಿದರೆ ಆ ನರ್ಸೇ ನಿಮ್ಮ ಬಾಗಿಲಿಗೆ ಬಂದು ಸಹಿ ಹಾಕಿಸಿಕೊಳ್ಳುತ್ತಾಳೆ.


25 ಏಪ್ರಿಲ್ 1991

ಸೌಭಾಗ್ಯವತಿ ನಾದಿನಿಗೆ,

ಹೌದು, ಹಾಗೇ ಬರೆಯುತ್ತೇನೆ. ಮದುವೆಯಾದ ಹೆಂಗಸಿಗೆ ಪತ್ರ ಬರೆಯುವಾಗ ಎಲ್ಲರೂ ಹಾಕುವ ಪದ ಅದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನಿನ್ನ ಕಥೆ. ನಿನ್ನ ಬಾಳಿಗೆ ಏನಾಗಿದೆಯೋ ನನಗೆ ಗೊತ್ತಿಲ್ಲ. ನಿನ್ನ ಅಮ್ಮ ನನಗೆ ಏನನ್ನೂ ಹೇಳಿಲ್ಲ. ಹೇಳಲು ಅವರಿಗೇ ಏನೂ ಗೊತ್ತಿಲ್ಲ.

ಅವರಿಗೆ ಕಿವಿ ಕೇಳಿಸುವುದಿಲ್ಲ.

ಎರಡು ವರ್ಷವಾಯಿತು. ಮೊದಲು ಬಾಗಿಲು ಬಡಿದರೆ ತಿಳಿಯುತ್ತಿರಲಿಲ್ಲ, ಆಮೇಲೆ ನನ್ನ ಮೆಷಿನ್ನಿನ ಸದ್ದು ಹೋಯಿತು, ಆಮೇಲೆ ನಾನು. ಡಾಕ್ಟರು ನರವೇ ಸತ್ತಿದೆ, ಕಿವಿಗೆ ಯಾವ ಮೆಷಿನ್ ಹಾಕಿದರೂ ಪ್ರಯೋಜನವಿಲ್ಲ ಅಂದರು. ನಾನು ದಪ್ಪ ರಟ್ಟಿನ ಮೇಲೆ ದರ್ಜಿ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ, ಅವರು ಬಾಯಲ್ಲಿ ಉತ್ತರ ಹೇಳುತ್ತಾರೆ. ಅವತ್ತು ಡಾಕ್ಟರ ಹತ್ತಿರದಿಂದ ಬಂದವರು ಮೊದಲು ಆಡಿದ ಮಾತು ನಿನ್ನ ವಿಷಯದ್ದೇ. "ಅವಳಿಗೆ ಹೇಳ್ಬೇಡ ಕಣೇ. ಕಿವುಡಿಗೆ ಯಾರು ಫೋನ್ ಮಾಡ್ತಾರೆ? ನಿಲ್ಲಿಸಿಬಿಡ್ತಾಳೆ. ನನ್ನ ತಲೆ ಮೇಲೆ ಕೈಯಿಟ್ಟು ಹೇಳು, ಹೇಳಲ್ಲ ಅಂತ." ಇಟ್ಟೆ. ಇವತ್ತು ಆ ಮಾತು ಮುರಿದಿದ್ದೇನೆ. ಆ ಪಾಪ ನನಗಿರಲಿ, ಅರ್ಧ ನಿನಗೂ ಇರಲಿ.

ಅಷ್ಟು ದೂರ ಕೂತು ಮಗಳ ಮುಖ ಕಾಣುವವಳು ಎಂದು ಬರೆದೆಯಲ್ಲ, ಓದಿ ನಗು ಬಂತು. ಎರಡು ವರ್ಷದಿಂದ ನಿನ್ನ ಕಿವಿಗೆ ಹೂ ಇಟ್ಟಿರುವುದು ನಿನ್ನ ಅಮ್ಮನೇ. ಫೋನ್ ಹಿಡಿದು, ಲೆಕ್ಕ ಹಾಕಿ ಅಂದಾಜಿನಲ್ಲಿ ಹೂಂ ಅನ್ನುತ್ತಾರೆ. ಎರಡು ವರ್ಷ ಮಾತಾಡಿದ್ದೀಯ, ಒಂದು ಸಲವೂ ಅನುಮಾನ ಬರಲಿಲ್ಲವೇ? ಎಲ್ಲಿಂದ ಬರಬೇಕು, ನೀನು ಬರೀ ಹೇಳುವವಳು, ಅವರನ್ನು ಹೂಂ ಸಾಲದಂಥದ್ದು ಏನಾದರೂ ಕೇಳಿದ್ದರೆ ತಾನೆ ಉತ್ತರ ಬರಲಿಲ್ಲವೆಂದು ತಿಳಿಯುವುದು.

ಇನ್ನು ಬಿಟ್ಟಿ ಆಳು ಎಂಬ ಮಾತು. ಕಾರ್ಖಾನೆಯಲ್ಲಿ ಕಾಜಕ್ಕೆ ಬೇರೆ ಮೆಷಿನ್ ಇದೆ, ಅವರ ಕಾಜ ಯಾರಿಗೂ ಬೇಡ. ಕೈ ಸುಮ್ಮನಿರಬಾರದೆಂದು ನಾನೇ ಚೂರುಬಟ್ಟೆ ತಂದುಕೊಡುತ್ತೇನೆ. ಗುಂಡಿಯಿಲ್ಲದ ಕಾಜಗಳು ಒಂದು ಡಬ್ಬಿ ತುಂಬ ಇವೆ. ಬೇಕಾದರೆ ನಿನಗೆ ಕಳಿಸುತ್ತೇನೆ, ನಿನ್ನ ಬಿಸಿಲಿನ ಕೋಣೆಯಲ್ಲಿ ಇಟ್ಟುಕೋ.

ನಿನ್ನ ಅತ್ತಿಗೆ


6 ಮೇ 1991

ಅತ್ತಿಗೆ,

ನಿಮ್ಮ ಮಾತು ನಂಬಲಿಲ್ಲ. ನಿನ್ನೆ ಭಾನುವಾರ ಫೋನ್ ಮಾಡಿ ಪರೀಕ್ಷೆ ಮಾಡಿದೆ. ದನಿ ಎತ್ತರಿಸದೆ, ಮಾಮೂಲಿಯಾಗಿ, "ಅಮ್ಮಾ, ನನ್ನ ಕಾಲು ಮುರಿದಿದೆ" ಅಂದೆ. "ಹೂಂ" ಅಂದಳು. "ಕಾಲು ತೆಗೀಬೇಕು ಅಂತಿದಾರೆ" ಅಂದೆ. "ಸಂತೋಷ ಕಣೇ. ಹೊಟ್ಟೆ ತುಂಬಾ ಊಟ ಮಾಡು" ಅಂದಳು. ಆಮೇಲೆ ನಾನು ಸುಮ್ಮನಿದ್ದಷ್ಟು ಹೊತ್ತೂ ಅವಳು ನಡುನಡುವೆ ಹೂಂ, ಹೂಂ ಅನ್ನುತ್ತಲೇ ಇದ್ದಳು. ಮೂರು ನಿಮಿಷ ಮುಗಿಯಿತು.

ಎರಡು ವರ್ಷ. ನೂರು ಭಾನುವಾರ. ಇನ್ಯಾರಿಗೂ ಹೇಳಲಾಗದ್ದನ್ನು ಅಷ್ಟೂ ವಾರ ಹೇಳಿಕೊಂಡೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ನನ್ನೆದುರಿಗೆ ಇರುತ್ತಿತ್ತು.

ನಿಮ್ಮನ್ನು ನಾನು ಕ್ಷಮಿಸುವುದಿಲ್ಲ. ಮಾತು ಕೊಟ್ಟಿದ್ದಿರಿ, ನಿಜ. ನನ್ನನ್ನು ಮೂರ್ಖಳನ್ನಾಗಿ ಮಾಡಿ ಮೆಟ್ಟಿಲ ಮೇಲೆ ಕೂತಿದ್ದಿರಿ, ಅದೂ ನಿಜ. ಆದರೆ ಒಂದು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ನಿನ್ನೆ ಎಲ್ಲವೂ ಅಡ್ಡಾದಿಡ್ಡಿಯಾಗಿತ್ತು. ಆದರೆ ಮೊದಲು ಹಾಗಿರಲಿಲ್ಲ. ನಾನು ಅತ್ತಾಗ, ಸರಿಯಾಗಿ ಆಗಲೇ, ಅಳಬೇಡ ಕಣೇ ಅನ್ನುತ್ತಿದ್ದಳಲ್ಲ, ಅದು ಹೇಗೆ? ಅಂದಾಜಿನಲ್ಲಿ ಅಷ್ಟು ಸರಿಯಾಗಿ ಹೇಗೆ?

ಇನ್ನೊಂದು. ನಿಮ್ಮ ಹತ್ತಿರ ರಟ್ಟೂ ಇದೆ, ಸೀಮೆಸುಣ್ಣವೂ ಇದೆ. ಮಗಳ ಜೊತೆ ಹೋಗುತ್ತೀರಾ ಎಂದು ಒಂದು ಸಾಲು ಬರೆದು ತೋರಿಸಲು ಎರಡು ತಿಂಗಳು ಬೇಕಿತ್ತೇ? ನೀವು ಕೇಳಿಯೇ ಇಲ್ಲ. ಅರ್ಜಿಯನ್ನು ಬಚ್ಚಿಟ್ಟಿದ್ದೀರಿ. ಅವಳು ನಿಜವಾಗಿಯೇ ಹೂಂ ಅಂದುಬಿಟ್ಟರೆ ಎಂಬ ಹೆದರಿಕೆ ನಿಮಗೆ. ಬಾಯಿ ಮಾತ್ರ ಜೋರು.

ಕೇಳಿ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ.


18 ಮೇ 1991

ನಾದಿನಿಗೆ,

ಅರ್ಜಿ ಕಾರ್ಖಾನೆಯಿಂದ ತಂದ ಬಟ್ಟೆ ಗಂಟಿನ ಅಡಿಯಲ್ಲಿತ್ತು. ಎಣ್ಣೆ ಚೆಲ್ಲಿರಲಿಲ್ಲ, ನಾನೇ ಹಚ್ಚಿದ್ದು. ಸ್ಟುಡಿಯೊದವನು ಯಾವ ಮದುವೆಗೂ ಹೋಗಿರಲಿಲ್ಲ. ಸಾಕಾ?

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ನಿನ್ನ ಪತ್ರ ಹಿಡಿದುಕೊಂಡು ಒಂಟಿಗಣ್ಣನ ಅಂಗಡಿಗೆ ಇಳಿದೆ. ಅಳಬೇಡ ಅನ್ನುವುದು ಇವರಿಗೆ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆ. ಅವನು ಭೂತಗನ್ನಡಿ ತೆಗೆದ. ಅದನ್ನು ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು, ಸಾಧಾರಣ ಮುಖ. ಮೇಜಿನ ಮೇಲಿದ್ದ ಚಿಮಟವನ್ನು, ಅದೇ ಗಡಿಯಾರದ ಸಣ್ಣ ಚಕ್ರಗಳನ್ನು ಎತ್ತುವ ಚಿಮಟವನ್ನು, ಒಂದು ಸಲ ಮೇಲಕ್ಕೆತ್ತಿ ತೋರಿಸಿದ. "ಒಂದು ಸಲ ಎತ್ತಿದ್ರೆ ಹೂಂ. ಎರಡು ಸಲ ಎತ್ತಿದ್ರೆ ಅಳಬೇಡ ಕಣೇ" ಅಂದ.

ನಿನ್ನ ದನಿ ಆ ಫೋನಿನಿಂದ ಅಂಗಡಿಗೆಲ್ಲ ಕೇಳಿಸುತ್ತದಂತೆ. ಎರಡು ವರ್ಷದಿಂದ ಪ್ರತಿ ಭಾನುವಾರ ನಾಲ್ಕಕ್ಕೆ ಕೈಲಿದ್ದ ಕೆಲಸ ಬಿಟ್ಟು, ನಿನ್ನ ಮಾತು ನಿಂತಾಗೆಲ್ಲ ಚಿಮಟ ಎತ್ತಿದ್ದಾನೆ. ಐದನೆಯ ತಾರೀಖು ಯಾರೋ ಗೋಡೆ ಗಡಿಯಾರ ಹೊತ್ತು ತಂದರಂತೆ, ಅವನು ಆ ಕಡೆ ತಿರುಗಿದನಂತೆ. ಸನ್ನೆಯಿಲ್ಲದೆ ನಿನ್ನ ಅಮ್ಮ ಒಬ್ಬಂಟಿಯಾದರು. ಅದಕ್ಕೇ ನಿನ್ನ ಮುರಿದ ಕಾಲಿಗೆ ಸಂತೋಷಪಟ್ಟಿದ್ದು.

"ಹಾಗಾದ್ರೆ ಅಮ್ಮ ಬರ್ತೀಯಾ ಅಂತ ಅವಳು ಕೇಳಿದಾಗ ಹೂಂ ಅನ್ನಿಸಿದ್ದು ನೀವೇನಾ? ಇನ್ನೊಬ್ಬರ ಮನೆ ಒಡೆಯೋಕೆ ನಿಮಗೆ ಯಾರು ಅಧಿಕಾರ ಕೊಟ್ರು?" ಅಂತ ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ಹೇಳಿದ: "ಮೂರು ಸಲ ಕೇಳಿದ್ರಮ್ಮಾ. ನಾನು ಏನು ಮಾಡ್ಲಿ? ನಮ್ಮ ಹತ್ರ ಇದ್ದದ್ದು ಎರಡೇ ಸನ್ನೆ. ಇಲ್ಲ ಅನ್ನೋಕೆ ಸನ್ನೆ ಇರ್ಲಿಲ್ಲ. ಯಾವತ್ತೂ ಬೇಕಾಗಿರ್ಲಿಲ್ಲ."

ಹಾಗಾದರೆ ಅವಳ ಕಷ್ಟವೇನು, ಎರಡು ವರ್ಷ ಅಷ್ಟೊಂದು ಅತ್ತದ್ದು ಯಾಕೆ ಎಂದು ಕೇಳಿದೆ. "ಅವರು ಹೇಳಿದ್ದು ಅಮ್ಮಾವ್ರಿಗೆ. ನನಗಲ್ಲ" ಅಂದು ಮತ್ತೆ ಭೂತಗನ್ನಡಿ ಹಾಕಿಕೊಂಡ. ಎಷ್ಟು ಕೆಣಕಿದರೂ ಬಾಯಿ ಬಿಡಲಿಲ್ಲ. ಏಳು ವರ್ಷದಿಂದ ಅವನನ್ನು ಚಾಡಿಕೋರ ಎಂದುಕೊಂಡಿದ್ದೆ.

ಇನ್ನು ಅತ್ತೆಯ ಮಾತು. ರಟ್ಟಿನ ಮೇಲೆ ಎಲ್ಲವನ್ನೂ ಬರೆದೆ. ನಿನಗೆ ಗೊತ್ತಾಗಿಹೋಯಿತೆಂದು ಬರೆದಾಗ ನನ್ನ ಕೈಗೆ ಒಂದು ಏಟು ಕೊಟ್ಟರು, ಪರವಾಗಿಲ್ಲ, ಜೋರಾಗಿ ಹೊಡೆಯಲಿಲ್ಲ. ಆಮೇಲೆ ಬರೆದೆ: ಅವಳು ಬಂದು ಜೊತೆಗಿರು ಎಂದು ಕರೆದಿದ್ದಾಳೆ, ನೀವು ಮೂರು ಸಲ ಹೂಂ ಅಂದಿದ್ದೀರಿ. ಅಕ್ಷರದ ಮೇಲೆ ಬೆರಳಿಟ್ಟು ಓದಿದರು.

"ನಾನು ಮೂರು ಸಲ ಅಂದ್ನಾ?"

ತಲೆಯಾಡಿಸಿದೆ.

"ಹಾಗಾದ್ರೆ ಮುಗೀತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳಿಸ್ಕೊಂಡು ಅಂದ್ನೋ, ಕೇಳಿಸ್ಕೊಳ್ದೆ ಅಂದ್ನೋ, ಅವಳಿಗೇನು ಗೊತ್ತು ಪಾಪ? ನಂಬಿ ಕೂತಿದಾಳೆ. ಹೋಗ್ತೀನಿ. ಪೆನ್ ಕೊಡು."

ಹೋಗಬೇಡಿ ಎಂದು ಬರೆಯಲು ಸೀಮೆಸುಣ್ಣ ಎತ್ತಿದೆ. ಬರೆಯಲಿಲ್ಲ. ಏನೆಂದು ಬರೆಯಲಿ? ನಾನು ಅವರು ಹೆತ್ತವಳಲ್ಲ. ಹೆತ್ತವಳು ಕರೆದಿದ್ದಾಳೆ, ನೀನೇ ಬರೆದಿದ್ದೆಯಲ್ಲ, ನನ್ನ ಅಪ್ಪಣೆ ಎಲ್ಲಿಂದ ಬಂತು ಎಂದು. ನಿನ್ನ ಮಾತು ಸರಿ, ಕೇಳಲು ನನಗೆ ಹೆದರಿಕೆಯಿತ್ತು. ನಿಮ್ಮಣ್ಣ ಹೋದ ಮೇಲೆ ನನ್ನನ್ನು ಮನೆಗೆ ಬಂದೆಯಾ ಎಂದು ಕೇಳಲು ಆ ಒಂದು ಜೀವ ಬಿಟ್ಟರೆ ಇನ್ಯಾರೂ ಇಲ್ಲ. ನಿನಗೆ ಗೆಲುವು ಬೇಕಿತ್ತು, ತಗೋ.

ಸಹಿ ಹಾಕಿದ ಒಂಬತ್ತು ಹಾಳೆ, ಎರಡು ಫೋಟೊ ಇದರೊಂದಿಗಿವೆ. ಹಿನ್ನೆಲೆ ಬಿಳಿ. ಕಿವಿ ಎರಡೂ ಕಾಣುತ್ತವೆ.

ಅವರಿಗೆ ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರು ಬೇಕು. ಹಿಂದಿನಿಂದ ಬಂದು ಮುಟ್ಟಬೇಡ, ಬೆಚ್ಚಿಬೀಳುತ್ತಾರೆ. ಎದುರಿಗೆ ಬಂದು ನಿಂತು ಆಮೇಲೆ ಮಾತಾಡು.

ಅತ್ತಿಗೆ


31 ಮೇ 1991

ಅತ್ತಿಗೆಗೆ,

ಅರ್ಜಿ ತಲುಪಿತು. ಅಮ್ಮನ ಫೋಟೊ ಒಂದನ್ನು ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಹರಿದು ಹಾಕಿದೆ.

ಅಮ್ಮನಿಗೆ ಹೇಳಿದೆನೆಂದುಕೊಂಡದ್ದನ್ನು ಈಗ ನಿಮಗೆ ಹೇಳುತ್ತೇನೆ. ನಗಬೇಕೆನಿಸಿದರೆ ನಗಿ, ನೀವು ನಕ್ಕರೆ ಯಾರೋ ಒಬ್ಬರು ಕೇಳಿಸಿಕೊಂಡ ಹಾಗಾದರೂ ಆಗುತ್ತದೆ. ನನ್ನ ಗಂಡ ಬಿಟ್ಟುಹೋಗಿ ಒಂದೂವರೆ ವರ್ಷವಾಯಿತು. ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಬಿಸಿಲಿನ ಕೋಣೆಯಿಲ್ಲ. ಒಂದು ಕೋಣೆಯಲ್ಲಿ ನಾವು ಮೂವರು ಹೆಂಗಸರು, ಒಂದರ ಮೇಲೊಂದು ಮಂಚ, ನನ್ನದು ಮೇಲಿನದು. ಕೂತರೆ ತಲೆ ಸೂರಿಗೆ ತಾಗುತ್ತದೆ. ಆಸ್ಪತ್ರೆಯಲ್ಲಿ ಕೆಲಸವೆಂದದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದಿನವಿಡೀ ಬೆಡ್‌ಶೀಟ್ ಮಡಚುತ್ತೇನೆ. ನಿಮ್ಮ ಕಾಲರ್ ಬಗ್ಗೆ ಆಡಿಕೊಂಡೆನಲ್ಲ, ನೀವು ಹೊಲಿದದ್ದು ಶರ್ಟಾದರೂ ಆಗುತ್ತದೆ, ನಾನು ಮಡಚಿದ್ದು ಮಾರನೆಯ ದಿನ ಮತ್ತೆ ಕೊಳಕಾಗಿ ನನ್ನ ಹತ್ತಿರವೇ ಬರುತ್ತದೆ.

ಫೋನ್ ಮಾಡುತ್ತಿದ್ದದ್ದು ಬೀದಿ ಮೂಲೆಯ ಗಾಜಿನ ಡಬ್ಬದಿಂದ. ಅದರ ಕದ ಮುಚ್ಚುವುದಿಲ್ಲ. ಹಿಂದೆ ಸಾಲು ನಿಂತಿರುತ್ತದೆ, ಅವರೆಲ್ಲ ಅವರವರ ದೇಶಕ್ಕೆ ಮಾತಾಡಬೇಕಾದವರು. ನನ್ನ ಭಾಷೆ ಅವರಿಗೆ ಬಾರದೆಂಬ ಧೈರ್ಯದಲ್ಲಿ ಅಳುತ್ತಿದ್ದೆ. ಈ ತುದಿಯಲ್ಲಿ ಕೇಳಿದವರಿಗೆ ಅರ್ಥವಾಗಲಿಲ್ಲ, ಆ ತುದಿಯಲ್ಲಿ ಅರ್ಥವಾಗಬೇಕಾದವಳಿಗೆ ಕೇಳಿಸಲಿಲ್ಲ. ಎರಡು ವರ್ಷ ನನ್ನ ಗೋಳು ಕೇಳಿದವನು ನೀವು ಒಂಟಿಗಣ್ಣ ಎಂದು ಆಡಿಕೊಂಡ ಆ ಮನುಷ್ಯ ಒಬ್ಬನೇ. ಅವನ ಮುಖ ಕೂಡ ನಾನು ನೋಡಿಲ್ಲ.

ಮನೆಯೇ ಇಲ್ಲದವಳು ಅಮ್ಮನನ್ನು ಯಾಕೆ ಕರೆದೆ ಎಂದು ನೀವು ಕೇಳುತ್ತೀರಿ. ಅವಳು ಬರುತ್ತಾಳೆಂದರೆ ಎಲ್ಲಾದರೂ ಒಂದು ಮನೆ ಹಿಡಿಯಲೇಬೇಕಾಗುತ್ತದೆ, ನಾನು ಎದ್ದು ನಿಲ್ಲಲೇಬೇಕಾಗುತ್ತದೆ ಎಂದುಕೊಂಡೆ. ನನ್ನನ್ನು ಎತ್ತಿ ನಿಲ್ಲಿಸಲು ಎಪ್ಪತ್ತಮೂರರ ಮುದುಕಿಯನ್ನು ಸಾವಿರಾರು ಮೈಲಿ ಕರೆಸಹೊರಟವಳು ನಾನು. ನಿಮ್ಮ ಬಾಯಲ್ಲಿರುವ ಬೈಗುಳದಲ್ಲಿ ಇದಕ್ಕೆ ತಕ್ಕದ್ದು ಒಂದಿದ್ದರೆ ಬರೆದು ಕಳಿಸಿ.

ಜೂನ್ ಹದಿನಾರರ ಭಾನುವಾರ ನಾಲ್ಕಕ್ಕೆ ಫೋನ್ ಮಾಡುತ್ತೇನೆ. ಅವತ್ತು ನೀವು ಎತ್ತಿಕೊಳ್ಳಬೇಕು. ಒಂದೇ ಪ್ರಶ್ನೆಯಿದೆ, ನಾನು ಅಲ್ಲಿಗೆ ಬಂದು ನಿಮ್ಮಿಬ್ಬರ ಜೊತೆ ಇರಬಹುದೇ ಎಂದು. ಅಮ್ಮನನ್ನು ಕೇಳುವುದಿಲ್ಲ, ಅವಳು ಹೂಂ ಅನ್ನುತ್ತಾಳೆ. ನಿಮ್ಮನ್ನು ಕೇಳುತ್ತೇನೆ. ಇಲ್ಲ ಅನ್ನಲು ನಿಮಗೆ ಯಾರ ಸನ್ನೆಯೂ ಬೇಕಾಗಿಲ್ಲವೆಂದು ನನಗೆ ಗೊತ್ತು.

ನಾದಿನಿ


16 ಜೂನ್ 1991

ನಾದಿನಿಗೆ,

ಕೈ ರೂಢಿಯಂತೆ ಆ ಪದ ಬರೆಯಹೊರಟಿತ್ತು, ತಡೆದೆ. ಇನ್ನು ಮುಂದೆ ಬರೆಯುವುದಿಲ್ಲ.

ಮೂರು ನಿಮಿಷ ಹೇಗೆ ಕಳೆಯಿತೋ ನಿನಗೂ ಗೊತ್ತು, ನನಗೂ ಗೊತ್ತು. ಏಳು ವರ್ಷದ ಮೇಲೆ ಮೊದಲ ಸಲ ಫೋನ್ ಕೈಗೆ ಸಿಕ್ಕಿತ್ತು, ನಿನ್ನನ್ನು ಬೈಯಲು ಎಷ್ಟು ಮಾತು ಜೋಡಿಸಿಟ್ಟುಕೊಂಡಿದ್ದೆನೋ, ಒಂದೂ ಬರಲಿಲ್ಲ. ಅದಕ್ಕೇ ಮೇಲೆ ಬಂದು ಬರೆಯುತ್ತಿದ್ದೇನೆ. ಕಾಗದದ ಮೇಲಾದರೆ ನನ್ನ ಬಾಯಿ ಚೆನ್ನಾಗಿ ನಡೆಯುತ್ತದೆ.

ನೀನು ಮೂರ್ಖಳು. ಒಂದೂವರೆ ವರ್ಷ ಮೇಲಿನ ಮಂಚದಲ್ಲಿ ಮಲಗಿಕೊಂಡು ಲಿಫ್ಟು, ಬಿಸಿಲು ಎಂದು ಬರೆದವಳು. ಗಂಡ ಬಿಟ್ಟನೆಂದು ನಾನು ನಗುತ್ತೇನೆಂದುಕೊಂಡೆಯಲ್ಲ, ಅಷ್ಟು ಕೆಟ್ಟವಳೇನೇ ನಾನು? ಸ್ವಲ್ಪ ಇದ್ದೇನೆ. ಅವನು ಹೋದದ್ದಕ್ಕೆ ನಗುವುದಿಲ್ಲ, ಅವನು ಕೋಣೆ ಖಾಲಿ ಮಾಡಿಸಿದ ಎಂದು ಬರೆದೆಯಲ್ಲ, ಅದಕ್ಕೆ ಸಾಯುವವರೆಗೆ ನಗುತ್ತೇನೆ. ಕೇಳಿಸಿಕೊಳ್ಳಲು ತಯಾರಾಗಿ ಬಾ.

ಇಲ್ಲಿ ಮಂಚವಿಲ್ಲ, ಚಾಪೆ. ನೀನು ಬಾಗಿಲ ಕಡೆ ಮಲಗಬೇಕು, ಮೆಷಿನ್ನಿನ ಕಡೆ ನನ್ನ ಜಾಗ. ಕಾರ್ಖಾನೆಯಲ್ಲಿ ಶರ್ಟ್ ಮಡಚಿ ಡಬ್ಬಿಗೆ ಹಾಕುವ ಕೆಲಸಕ್ಕೆ ಜನ ಬೇಕಂತೆ, ನಿನಗೆ ಮಡಚುವುದು ಬರುತ್ತದೆ. ಮೊದಲ ದಿನವೇ ದೊಡ್ಡಸ್ತಿಕೆ ತೋರಿಸಬೇಡ. ರಟ್ಟಿನ ಮೇಲೆ ಬರೆಯುವಾಗ ಅಕ್ಷರ ದುಂಡಗೆ ಬರೆ, ನಿನ್ನ ಕೈಬರಹ ಕಾಗೆ ಕಾಲಿನ ಹಾಗಿದೆ.

ಅತ್ತೆಗೆ ಎಲ್ಲವನ್ನೂ ಬರೆದು ತೋರಿಸಿದೆ. ಎಲ್ಲವನ್ನೂ ಅಂದರೆ ಎಲ್ಲವನ್ನೂ. ನೀನು ಎರಡು ವರ್ಷ ಹೇಳಿದ್ದು ನಾಲ್ಕು ಸಾಲಿಗೆ ಮುಗಿಯಿತು. ಓದಿ, ರಟ್ಟನ್ನು ಸೆರಗಿನಿಂದ ತಾವೇ ಒರೆಸಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು. ಆಮೇಲೆ ಅಂದರು, "ಜೊತೆಗಿರ್ತೀನಿ ಅಂತ ತಾನೆ ಹೂಂ ಅಂದಿದ್ದು? ಎಲ್ಲಿ ಅಂತ ಹೇಳಿದ್ನಾ? ಅವಳೇ ಬರ್ಲಿ. ನನ್ನ ಮಾತೂ ಉಳೀತು, ಮೆಟ್ಟಿಲೂ ತಪ್ಪಿತು."

ಇವತ್ತೂ ಅವರು ಮೂರು ಗಂಟೆಗೆ ತಲೆ ಬಾಚಿಕೊಂಡು ಇಳಿದಿದ್ದರು. ಗಡಿಯಾರದವರು ಒಳಗಿನಿಂದ ಇನ್ನೊಂದು ಸ್ಟೂಲ್ ತಂದು ನನಗೂ ಹಾಕಿದರು. ಹೌದು, ಇನ್ನು ಮೇಲೆ ಅವರನ್ನು ಹಾಗೇ ಕರೆಯುತ್ತೇನೆ. ಫೋನ್ ಬಡಿದುಕೊಂಡಾಗ ಅತ್ತೆ ಅದರ ಮೇಲೆ ಅಂಗೈ ಇಟ್ಟು, "ಬಂತು, ಎತ್ಕೋ" ಅಂದರು.

ನೀನು "ಅತ್ತಿಗೆ, ಬರ್ಲಾ?" ಅಂದೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಷ್ಟು ಹೊತ್ತು ಮಾತು ಬರದಿದ್ದಕ್ಕೆ ಬೇರೆ ಏನೇನೋ ಅರ್ಥ ಮಾಡಿಕೊಂಡು ಕೂತಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ಹೂಂ ಅಂದೆನಲ್ಲ, ಆ ಹೊತ್ತಿಗೆ ಎದುರಿಗೆ ಗಡಿಯಾರದವರು ಚಿಮಟವನ್ನು ಒಂದು ಸಲ ಎತ್ತಿ ಹಿಡಿದಿದ್ದರು, ಅದು ನಿಜ. ನಾನು ಅದನ್ನು ನೋಡಿ ಅನ್ನಲಿಲ್ಲ. ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.

ಅತ್ತಿಗೆ